ದನ ತಿಂದ ಅವರೆ ಬಳ್ಳಿ

ನಮ್ಮ ಅಡುಗೆಮನೆಯ ಗೋಡೆಯ ಮೊಳೆಯಲ್ಲಿ ಒಂದು ಸೌಟು ತೂಗುತ್ತಿದೆ. ಅದರಿಂದ ಯಾರೂ ಏನೂ ಬಡಿಸುವುದಿಲ್ಲ. ಹಿಡಿ ಸೊಟ್ಟ, ಬಾಯಿ ಒಂದು ಕಡೆ ಸವೆದು ಚೂಪಾಗಿದೆ, ಹಿಡಿಯೂ ಬಾಯಿಯೂ ಕೂಡುವ ಕಡೆ ಎಷ್ಟು ಉಜ್ಜಿದರೂ ಹೋಗದ ಕೆಂಪು ಮಣ್ಣಿನ ಗೆರೆ. ಮನೆಗೆ ಬಂದ ನೆಂಟರ ಹೆಂಗಸರು ಮೊದಲು ಸೌಟನ್ನು ನೋಡುತ್ತಾರೆ, ಆಮೇಲೆ ನನ್ನ ಹೆಂಡತಿಯ ಮುಖ ನೋಡುತ್ತಾರೆ. ಅವಳು ಒಂದೇ ಉತ್ತರವನ್ನು ಬಾಯಿಪಾಠ ಮಾಡಿಟ್ಟುಕೊಂಡಿದ್ದಾಳೆ.

"ನಮ್ಮೆಜಮಾನ್ರುದು. ಅಷ್ಟು ವರ್ಷ ಮೇಷ್ಟ್ರಾಗಿದ್ದು ಇಸ್ಕೂಲಿಂದ ಮನೆಗೆ ಸಂಪಾದ್ನೆ ಮಾಡ್ಕೊಂಡ್ ಬಂದಿರೋದು ಇದೊಂದೇ."

ಹಾಗೆ ನೋಡಿದರೆ ನಿವೃತ್ತಿಯ ದಿನ ಶಾಲು ಹೊದಿಸಿದ್ದಾರೆ, ಹಣ್ಣಿನ ಬುಟ್ಟಿ ಕೊಟ್ಟಿದ್ದಾರೆ, ಗೋಡೆ ಗಡಿಯಾರಗಳೇ ನಾಲ್ಕು ಬಂದಿವೆ. ಶಾಲು ಬೀರುವಿನಲ್ಲಿದೆ, ಹಣ್ಣು ಅಂದೇ ಮುಗಿಯಿತು, ಗಡಿಯಾರಗಳು ನಾಲ್ಕು ಕೋಣೆಯಲ್ಲಿ ನಾಲ್ಕು ಸಮಯ ತೋರಿಸುತ್ತಿವೆ. ಸೌಟನ್ನು ಮಾತ್ರ ಯಾರೂ ಕೊಡಲಿಲ್ಲ, ನಾನೇ ಕೇಳಿ ತಂದೆ. ಎಸೆಯೋಣವೆಂದು ಎರಡು ಸಲ ಕೈಗೆತ್ತಿಕೊಂಡವನು ಎರಡು ಸಲವೂ ಮತ್ತೆ ಮೊಳೆಗೇ ಸಿಕ್ಕಿಸಿದ್ದೇನೆ. ಯಾಕೆ ಅಂತ ನನ್ನ ಹೆಂಡತಿಗೂ ನಾನು ಪೂರ್ತಿ ಹೇಳಿಲ್ಲ. ನಿಮಗೆ ಹೇಳಿಬಿಡುತ್ತೇನೆ.

ಅದು ಚಿಂತಾಮಣಿಯ ನಮ್ಮ ಸರ್ಕಾರಿ ಶಾಲೆಯ ಬಿಸಿಯೂಟದ ಸೌಟು. ಪ್ರತಿ ಶಾಲೆಯಲ್ಲೂ ಮಕ್ಕಳ ಕೈಯಿಂದಲೇ ತರಕಾರಿ ತೋಟ ಮಾಡಿಸಬೇಕು, ಮಕ್ಕಳು ಮಾಡುತ್ತಾ ಕಲಿಯಬೇಕು ಎಂದು ಒಂದು ವರ್ಷ ಸುತ್ತೋಲೆ ಬಂತು. ಸುತ್ತೋಲೆಗಳು ಬರುವುದು ಹೊಸದಲ್ಲ. ಹೆಡ್‌ಮೇಡಂ ಅದನ್ನು ಓದಿ ಮುಗಿಸಿ ಒಬ್ಬೊಬ್ಬರ ಮುಖವನ್ನೂ ನೋಡತೊಡಗಿದಾಗ ಎಲ್ಲರಿಗೂ ಇದ್ದಕ್ಕಿದ್ದಂತೆ ಹಾಜರಿ ಪುಸ್ತಕದಲ್ಲಿ ಆಸಕ್ತಿ ಹುಟ್ಟಿತು. ನಾನು ಮಾತ್ರ ಗಂಟಲು ಸರಿಮಾಡಿಕೊಂಡೆ.

"ನನಗೆ ಬಿಡಿ ಮೇಡಂ. ನಾನು ರೈತನ ಮಗ."

ಈ ಮಾತು ಆಗ ನನ್ನ ಬಾಯಿಗೆ ಅಂಟಿಕೊಂಡಿತ್ತು. ಅಂಬಾಜಿದುರ್ಗದ ಬುಡದಲ್ಲಿ ನಮ್ಮ ಊರು. ಅಪ್ಪನ ಕಾಲದಿಂದ ಬಂದ ಮೂರೆಕರೆ ಹೊಲ ಈಗಲೂ ನನ್ನ ಹೆಸರಿನಲ್ಲಿದೆ. ಅದನ್ನು ಉಳುವವನು, ಬಿತ್ತುವವನು, ರಾತ್ರಿ ಕಾಡುಹಂದಿ ನುಗ್ಗದಂತೆ ಕಾಯುವವನು ನಾರಾಯಣಪ್ಪ. ನನ್ನ ಪಾಲಿನ ಬೇಸಾಯವೆಂದರೆ ಹಬ್ಬಕ್ಕೆ ಹೋಗಿ ಬದುವಿನ ಮೇಲೆ ನಿಂತು ಸೊಂಟಕ್ಕೆ ಕೈಯಿಟ್ಟುಕೊಂಡು "ಈ ಸಲ ಹೆಂಗಪ್ಪ?" ಎಂದು ಕೇಳುವುದು, ಅವನು ಕಟ್ಟಿಕೊಟ್ಟ ರಾಗಿ ಮೂಟೆಯನ್ನೂ ಅವರೆಕಾಯಿಯನ್ನೂ ಬಸ್ಸಿಗೆ ಹಾಕಿಕೊಂಡು ಬರುವುದು. ಇಷ್ಟಾದರೂ ಸೊಪ್ಪು ಕೊಳ್ಳುವಾಗ ರೈತನ ಮಗ, ಸ್ಟಾಫ್ ರೂಮಿನಲ್ಲಿ ಮಳೆಯ ಮಾತು ಬಂದಾಗ ರೈತನ ಮಗ. ಒಮ್ಮೆ ಬ್ಯಾಂಕಿನಲ್ಲಿ ಸಾಲು ದೊಡ್ಡದಾದಾಗಲೂ ಹೇಳಿದ್ದೆ, ಯಾಕೆ ಎಂದು ನನಗೇ ಗೊತ್ತಿಲ್ಲ. "ರೈತನ ಮಗ ಸರಿ ಕಣ್ರೀ, ರೈತ ಯಾವಾಗ ಆಗ್ತೀರ?" ಎಂದು ನನ್ನ ಹೆಂಡತಿ ಕೇಳಿದ್ದಳು.

ಶಾಲೆಯ ಹಿಂದೆ, ಆರನೇ ತರಗತಿಯ ಕಿಟಕಿಗೂ ಕಾಂಪೌಂಡಿಗೂ ನಡುವೆ ಒಂದು ಪಟ್ಟೆ ಜಾಗವಿತ್ತು. ಕಾಂಪೌಂಡಿನ ಆಚೆಗೆ ತರಕಾರಿ ಮಂಡಿಗೆ ಹೋಗುವ ದಾರಿ. ಮೊದಲ ದಿನ ಅಗೆದಾಗ ಮಣ್ಣಿಗಿಂತ ಹೆಚ್ಚಾಗಿ ಇಟ್ಟಿಗೆ ಚೂರು ಬಂತು. ಹಾಲಿನ ಕವರು, ಕಾಂಪಾಸ್ ಡಬ್ಬಿಯ ಮುಚ್ಚಳ, ಪೆನ್ನಿನ ಕ್ಯಾಪುಗಳು, ಇನ್ನು ಸೀಮೆಸುಣ್ಣವಂತೂ ಹಿಡಿಗಟ್ಟಲೆ. ನನಗಿಂತ ಮುಂಚಿನ ಎಷ್ಟು ಮೇಷ್ಟ್ರುಗಳು ಕಿಟಕಿಯಿಂದ ಆಚೆ ಎಸೆದದ್ದೋ. "ಸಾ, ಇಲ್ಲಿ ಸೀಮೆಸುಣ್ಣಾನೇ ಬೆಳೀತದೆ" ಎಂದ ಒಬ್ಬ.

ಮಣ್ಣು ಬೇಕಾಯಿತು. "ಎಲ್ಲರೂ ನಾಳೆ ಒಂದೊಂದು ಹಿಡಿ ಒಳ್ಳೇ ಮಣ್ಣು ತನ್ರಪ್ಪ" ಎಂದೆ. ಯಾವುದರಲ್ಲಿ ತರಬೇಕು ಎಂದು ಹೇಳುವುದು ಮರೆತೆ. ಮರುದಿನ ಊಟದ ಡಬ್ಬಿಯಲ್ಲಿ ತಂದರು, ನೀರಿನ ಬಾಟಲಿಯಲ್ಲಿ ತಂದರು, ಒಂದು ಹುಡುಗಿ ಕಾಲುಚೀಲದಲ್ಲಿ ತಂದಿದ್ದಳು, ಒಬ್ಬನಂತೂ ಪುಸ್ತಕದ ಚೀಲಕ್ಕೇ ಸುರಿದುಕೊಂಡು ಬಂದಿದ್ದ. ಮಧ್ಯಾಹ್ನ ಊಟದ ತಟ್ಟೆಗಳಲ್ಲಿ ಕೆಂಪು ಮಣ್ಣು ಕಂಡ ಅಡುಗೆಯ ಮುನಿರತ್ನಮ್ಮ ಶಾಲೆಯೇ ಬಿದ್ದುಹೋಗುವಂತೆ ಕೂಗಿಕೊಂಡರು. ಆದರೂ ಮನಸ್ಸು ಒಳ್ಳೆಯದು. ನಮ್ಮ ಹತ್ತಿರ ಇದ್ದದ್ದು ಮರದ ಕಾವಿಲ್ಲದ ಒಂದು ಗುದ್ದಲಿ ಅಂತ ಗೊತ್ತಾದ ಮೇಲೆ ಅವರೇ ಸೌಟು ತಂದುಕೊಟ್ಟರು.

"ಸಾಯಂಕಾಲ ವಾಪಸ್ ಕೊಟ್ಬಿಡಿ ಸಾ. ಇಲ್ಲಾಂದ್ರೆ ನಾಳೆ ಸಾರನ್ನ ಕೈಯಾಗೇ ಬಡಿಸ್ತೀನಿ."

ಸೌಟು ಮತ್ತೆ ಅಡುಗೆಮನೆಗೆ ಹೋಗಲೇ ಇಲ್ಲ. ಪಾತಿ ಮಾಡುವುದಕ್ಕೆ ಅದು, ಕಳೆ ಕೀಳುವುದಕ್ಕೆ ಅದು, ಪಾಠ ಕೇಳದವರಿಗೆ ದೂರದಿಂದ ತೋರಿಸುವುದಕ್ಕೂ ಅದೇ.

ಬೀಜವನ್ನು ಮನೆಯಿಂದಲೇ ತನ್ನಿ ಎಂದಿದ್ದೆ. ಸಾಸಿವೆ, ಕೊತ್ತಂಬರಿ, ಮೆಂತ್ಯ, ಮೂಲಂಗಿ ಬಂದವು. ಒಬ್ಬ ಹುಡುಗ ಹುರಿಗಡಲೆ ತಂದ. ಅರ್ಧ ದಾರಿಯಲ್ಲೇ ತಿಂದು ಮುಗಿಸಿ ಉಳಿದ ಎಂಟು ಕಾಳನ್ನು ಬಹಳ ಗೌರವದಿಂದ ನನ್ನ ಕೈಗಿಟ್ಟ. ಹುರಿದದ್ದು ಹುಟ್ಟುವುದಿಲ್ಲ ಎಂದು ಹೇಳಿಬಿಡಬಹುದಿತ್ತು. ಹೇಳಲಿಲ್ಲ. ಅವನೇ ಕಂಡುಕೊಳ್ಳಲಿ, ಮಾಡುತ್ತಾ ಕಲಿಯುವುದು ಎಂದರೆ ಇದೇ ಅಲ್ಲವೇ ಎಂದು ಒಂದು ಪಾತಿ ಬಿಟ್ಟುಕೊಟ್ಟೆ. ಹದಿನೈದು ದಿನ ಅವನು ಹುರಿಗಡಲೆಗೆ ನೀರು ಹಾಕಿದ. ಹದಿನೈದು ದಿನ ನಾನೂ ಅವನ ಜೊತೆ ನಿಂತು "ಏನಾದ್ರೂ ಬಂತೇನಪ್ಪ?" ಎಂದು ಕೇಳಿದೆ. ಈ ಹುರಿಗಡಲೆಯ ವಿಷಯ ನೀವು ನೆನಪಿಟ್ಟುಕೊಳ್ಳಿ, ನನಗಂತೂ ಮರೆಯುವುದಕ್ಕೆ ಆಗಿಲ್ಲ.

ಶಿರೀಷ ತಂದದ್ದು ಬಟ್ಟೆಯ ಒಂದು ಸಣ್ಣ ಗಂಟು. ಆರನೇ ತರಗತಿ, ಕಿಟಕಿಯ ಪಕ್ಕ ಕೂರುವ ತೆಳ್ಳಗಿನ ಹುಡುಗಿ, ನಕ್ಕರೆ ಅಂಗೈಯಿಂದ ಬಾಯಿ ಮುಚ್ಚಿಕೊಳ್ಳುವ ಅಭ್ಯಾಸ. ಅಪ್ಪ ಟೊಮೆಟೊ ಮಂಡಿಯಲ್ಲಿ ಲೋಡು ಹಾಕುತ್ತಿದ್ದ. ಆಂಧ್ರದ ಗಡಿಯ ಹಳ್ಳಿಯಿಂದ ಮನೆಮಂದಿಯೆಲ್ಲ ಬಂದು ಊರಲ್ಲಿ ಬಾಡಿಗೆಗಿದ್ದರು. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ, ಗಾಬರಿಯಾದರೆ ಎರಡೂ ಒಟ್ಟಿಗೆ. ಗಂಟು ಬಿಚ್ಚಿದಳು. ಬೂದಿಯಲ್ಲಿ ಹೊರಳಿಸಿಟ್ಟ ಐದು ಅವರೆ ಬೀಜ. ಒಂದನ್ನು ಲಂಗಕ್ಕೆ ಒರೆಸಿ ತೋರಿಸಿದಳು. ಬೀಜದ ಕಣ್ಣಿನ ಪಕ್ಕದಲ್ಲಿ ಕೆಂಪನೆಯ ಒಂದು ಮಚ್ಚೆ.

"ಅನಪ ಗಿಂಜಲು ಸಾ. ಮಾ ಅವ್ವ ಇಚ್ಚಿಂದಿ."

ಅವರೆ ಬೀಜ, ಅವ್ವ ಕೊಟ್ಟದ್ದು. ಅವ್ವ ಅಂದರೆ ಅಜ್ಜಿ. ಹಳ್ಳಿಯಲ್ಲಿ ಅವರಿಗೆ ಗುತ್ತಿಗೆಯ ಹೊಲ ಬಿಟ್ಟುಹೋದಾಗ ಅಜ್ಜಿ ಮಡಿಲಲ್ಲಿ ಕಟ್ಟಿಕೊಂಡು ಬಂದ ಬೀಜವಂತೆ ಅದು. ಬಾಡಿಗೆ ಮನೆಯ ಮುಂದೆ ಬರಿಯ ಸಿಮೆಂಟು. ಹಾಕುವುದಕ್ಕೆ ಜಾಗವಿಲ್ಲದೆ ಬೂದಿಯಲ್ಲಿಟ್ಟು ಕಾದಿದ್ದಾಳೆ. ಹುಳ ಬಿದ್ದು ಉಳಿದದ್ದು ಈ ಐದೇ. ಅದಕ್ಕೊಂದು ಷರತ್ತೂ ಇತ್ತು.

"ಕಾಯಿ ಎಲ್ರೂ ತಿನ್ನಬೋದಂತೆ ಸಾ. ಒಣಗಿದ್ಮೇಲೆ ಬೀಜ ಮಾತ್ರ ವಾಪಸ್ ಕೊಡ್ಬೇಕಂತೆ."

"ಆಗ್ಲಮ್ಮ, ಮೂಟೆ ಕಟ್ಟಿ ಕೊಡೋಣ" ಎಂದು ನಕ್ಕೆ.

ಅವರೆ ಎಂದರೆ ನನಗೆ ಅಮ್ಮನ ನೆನಪು. ರಾಗಿ ಬಿತ್ತುವಾಗ ನಡುನಡುವೆ ಅವರೆಯ ಅಕ್ಕಡಿ ಸಾಲು ಹಾಕುತ್ತಿದ್ದರು. ಅಪ್ಪನ ನೇಗಿಲ ಹಿಂದೆ ಅಮ್ಮ ಮಡಿಲಿನಿಂದ ಬೀಜ ಬಿಡುತ್ತಾ ನಡೆದರೆ ಅವಳ ಹಿಂದೆ ನಾನು. ರಾಗಿ ಕೊಯ್ಲಾದ ಮೇಲೂ ಹೊಲದಲ್ಲಿ ಅವರೆ ನಿಂತಿರುತ್ತಿತ್ತು. ಬೆಳಗಿನ ಚಳಿಯಲ್ಲಿ ಕುಕ್ಕೆ ಕೊಟ್ಟು ಕಾಯಿ ಬಿಡಿಸಿಕೊಂಡು ಬಾ ಎಂದು ಕಳಿಸುತ್ತಿದ್ದಳು. ಇಬ್ಬನಿಗೆ ಮೊಣಕಾಲಿನವರೆಗೆ ಚಡ್ಡಿ ತೊಯ್ದು ಅಂಟಿಕೊಳ್ಳುತ್ತಿತ್ತು, ಬೆರಳಿಗೆ ಹತ್ತಿದ ಸೊಗಡು ಸ್ನಾನ ಮಾಡಿದರೂ ಹೋಗುತ್ತಿರಲಿಲ್ಲ. ಇದನ್ನೆಲ್ಲ ಮಕ್ಕಳಿಗೆ ರಸವತ್ತಾಗಿ ಹೇಳಿದೆ. ಹೇಳಿದವನು ನಾನೇ, ನೋಡಿ. ಚಳಿ, ಇಬ್ಬನಿ, ಎಲ್ಲವನ್ನೂ ನನ್ನ ಬಾಯಿಂದಲೇ ಹೇಳಿದ್ದೆ.

ಐದರಲ್ಲಿ ಎರಡು ಹುಟ್ಟಲಿಲ್ಲ, ಎರಡನ್ನು ಅಳಿಲು ಕಿತ್ತುಹಾಕಿತು. ಉಳಿದ ಒಂದು ಮಾತ್ರ ಮಕ್ಕಳು ಕೈತೊಳೆದ ನೀರು ಕುಡಿದು ಹೊಲದ ಗಿಡದ ಮರ್ಯಾದೆಯನ್ನೆಲ್ಲ ಬಿಟ್ಟು ಬೆಳೆಯಿತು. ಸೊಂಟದೆತ್ತರಕ್ಕೆ ನಿಲ್ಲಬೇಕಾದದ್ದು ಬಳ್ಳಿಯಾಗಿ ಕಿಟಕಿಯ ಸರಳು ಹಿಡಿಯಿತು. ಶಿರೀಷ ಹುರಿ ಕಟ್ಟಿದಳು. ಹುರಿ ಹಿಡಿದು ಮಾಡಿನ ಅಂಚಿಗೆ ಹೋಯಿತು. ಕರಿ ಹೇನು ಹತ್ತಿದಾಗ ಅವಳು ಒಂದೊಂದೇ ಕುಡಿಯನ್ನು ಹಿಡಿದು ಬೂದಿ ಎರಚಿದಳು. ಬಳ್ಳಿಯ ನೆರಳು ತರಗತಿಯೊಳಗೆ ಬಿದ್ದು ಮಧ್ಯಾಹ್ನದ ಗಣಿತ ಸ್ವಲ್ಪ ತಂಪಾಯಿತು.

ಪ್ರತಿ ಸೋಮವಾರ ಮಕ್ಕಳು ತಮ್ಮ ತಮ್ಮ ಗಿಡದ ಎತ್ತರ, ಎಲೆ, ಹೂವನ್ನು ಪುಸ್ತಕದಲ್ಲಿ ಬರೆಯಬೇಕಿತ್ತು. ಮಿಕ್ಕವರ ಮೂಲಂಗಿ ಬಂತು, ಹೋಯಿತು. ಮೊದಲ ಮೂಲಂಗಿಯನ್ನು ಮುನಿರತ್ನಮ್ಮ ನಲವತ್ತು ಚೂರು ಮಾಡಿ ಎಲ್ಲರ ತಟ್ಟೆಗೂ ಹಾಕಿದ್ದರು, ಒಬ್ಬನೂ ಆ ದಿನ ಸಾರಿನ ತರಕಾರಿಯನ್ನು ತಟ್ಟೆಯ ಅಂಚಿಗೆ ತಳ್ಳಲಿಲ್ಲ. ಕೊತ್ತಂಬರಿ ಮೂರು ಸಲ ಕೊಯ್ದಾಯಿತು. ಶಿರೀಷಳ ಪುಸ್ತಕದಲ್ಲಿ ಮಾತ್ರ ವಾರ ವಾರವೂ ಅದೇ: ಹೂ — ಇಲ್ಲ. ಜೂನ್ ಕೊನೆಯಲ್ಲಿ ಹಾಕಿದ್ದು ದಸರೆ ಬಂದರೂ ಹೂ ಇಲ್ಲ. ದಸರಾ ರಜೆಯಲ್ಲೂ ಅವಳು ದಿನಾ ಬಂದು ಕಾಂಪೌಂಡು ಹತ್ತಿ ಇಳಿದು ನೀರು ಹಾಕಿದ್ದಳು ಎಂದು ಮುನಿರತ್ನಮ್ಮ ಆಮೇಲೆ ಹೇಳಿದರು.

ರಜೆ ಮುಗಿಯುತ್ತಿದ್ದಂತೆ ಸುದ್ದಿ ಬಂತು. ತೋಟಗಳನ್ನು ನೋಡಲು ಸಾಹೇಬರು ಬರುತ್ತಾರೆ, ಚೆನ್ನಾಗಿರುವ ಶಾಲೆಗಳಿಗೆ ಬಹುಮಾನವಿದೆ. ನನಗೆ ಆಸೆ ಹತ್ತಿತು. ಮುಚ್ಚುಮರೆ ಯಾಕೆ, ವೇದಿಕೆಯ ಮೇಲೆ ಹೋಗಿ ಫಲಕ ತೆಗೆದುಕೊಳ್ಳುವಾಗ "ನಾನು ರೈತನ ಮಗ" ಎಂದು ಮೈಕಿನಲ್ಲಿ ಹೇಳುವುದನ್ನೂ ಕನ್ನಡಿಯ ಮುಂದೆ ಒಮ್ಮೆ ಹೇಳಿ ನೋಡಿಕೊಂಡೆ. ಆದರೆ ಆ ಹೊತ್ತಿಗೆ ತೋಟದಲ್ಲಿ ಇದ್ದದ್ದು ಕೊಯ್ದು ಉಳಿದ ಮೋಟು, ಒಂದಿಷ್ಟು ಮೆಂತ್ಯ, ಮತ್ತು ಮಾಡು ಮುಟ್ಟಿದ ಬರೀ ಎಲೆಯ ಈ ಬಳ್ಳಿ. ಶಿಡ್ಲಘಟ್ಟ ರಸ್ತೆಯ ಒಂದು ನರ್ಸರಿಗೆ ಹೋದೆ. ಮೊಗ್ಗು ಹೂವಿನ ಸಮೇತ ಕಪ್ಪು ಕವರಿನಲ್ಲಿದ್ದ ಚೆಂಡುಹೂವಿನ ಗಿಡಗಳನ್ನು ಒಂದು ಆಟೋ ತುಂಬ ತಂದೆ. ಅವುಗಳನ್ನು ನೆಡಲು ಚೆನ್ನಾಗಿ ಬಿಸಿಲು ಬೀಳುವ ಜಾಗ ಒಂದೇ ಇತ್ತು, ಅಲ್ಲಿ ಅವರೆ ನಿಂತಿತ್ತು.

"ಶಿರೀಷ, ನಿನ್ ಗಿಡ ತೆಗೆದ್ಬಿಡಮ್ಮ. ಅದು ಗೊಡ್ಡು, ಬರೀ ಎಲೆ."

ಅವಳು ಸೌಟನ್ನು ಕೈಯಲ್ಲಿ ಹಿಡಿದು ನಿಂತಿದ್ದಳು.

"ಇನ್ನೊಂದ್ ಸ್ವಲ್ಪ ದಿನ ಸಾ. ದಾನಿಕಿ ಚಲಿ ರಾವಾಲಂಟ ಸಾ. ಚಳಿ ಬಂದ್ರೆ ಬಿಡ್ತದಂತೆ, ಅವ್ವ ಹೇಳಿದ್ಲು."

"ನಾನು ರೈತನ ಮಗ ಕಣಮ್ಮ. ನನಗೇ ಹೇಳಿಕೊಡ್ತೀಯಾ?"

ಮಕ್ಕಳು ನಕ್ಕರು. ಅವಳು ಬಗ್ಗಿದಳು. ಬುಡವನ್ನು ಸೌಟಿನಿಂದ ಸುತ್ತಲೂ ಬಿಡಿಸಿ ಬೇರು ಸಮೇತ ಎತ್ತಿದಳು. ಆಮೇಲೆ ಬಳ್ಳಿಯನ್ನು ಎಳೆದು ಹರಿಯಬಹುದಿತ್ತು, ಎಲ್ಲರೂ ಹಾಗೇ ಮಾಡುವುದು. ಅವಳು ಹರಿಯಲಿಲ್ಲ. ಬೆಂಚು ತಂದುಹಾಕಿಕೊಂಡು ಹತ್ತಿ, ಹುರಿಗೆ ಅದು ಸುತ್ತಿಕೊಂಡ ಒಂದೊಂದು ಸುತ್ತನ್ನೂ ಹಿಂದಕ್ಕೆ ಬಿಡಿಸುತ್ತಾ ಬಂದಳು. ಒಂದು ಪಿರಿಯಡ್ ಪೂರ್ತಿ ಹಿಡಿಯಿತು. ಕೊನೆಗೆ ಎಲ್ಲವನ್ನೂ ತೋಳಿನ ಮೇಲೆ ಸುತ್ತಿಕೊಂಡು ಬಂದು ಕೇಳಿದಳು.

"ಮನೆಗೆ ತಗೊಂಡ್ ಹೋಗ್ಲಾ ಸಾ?"

"ಯಾಕಮ್ಮ, ದನ ಕಟ್ಟಿದೀರಾ ಮನೇಲಿ?" ಎಂದೆ. ಮಕ್ಕಳು ಇನ್ನೊಮ್ಮೆ ನಕ್ಕರು. ನಾನೂ ನಕ್ಕೆ. ಆ ನಗುವನ್ನು ಈಗ ನೆನೆದರೆ ಮುಖ ಎಲ್ಲಿಡಲಿ ಅನಿಸುತ್ತದೆ.

ಚೆಂಡುಹೂವಿನ ಗಿಡಗಳನ್ನು ಕವರು ತೆಗೆಯದೆಯೇ ಹುಗಿಸಿದೆ, ಸಮಯವಿರಲಿಲ್ಲ. "ಕವರ್ ತೆಗೀಬೇಕಲ್ವಾ ಸಾ?" ಎಂದ ಒಬ್ಬ. "ಸುಮ್ನಿರಪ್ಪ" ಎಂದೆ. ಸಾಹೇಬರು ಬಂದರು, ಹೂವಿನ ಮಧ್ಯೆ ನಿಂತು ಫೋಟೊ ತೆಗೆಸಿಕೊಂಡರು, "ಎಲ್ಲ ಮಕ್ಕಳೇ ಬೆಳೆಸಿದ್ದಾ?" ಎಂದು ಕೇಳಿದರು. "ಹೌದು ಸಾರ್" ಎಂದೆ. ನನ್ನ ಬೆನ್ನ ಹಿಂದೆ ನಲವತ್ತು ಮಕ್ಕಳು ಉಸಿರೆತ್ತದೆ ನಿಂತಿದ್ದರು. ಮಾಡುತ್ತಾ ಕಲಿಯುವುದು ಎಂದಿದ್ದೆನಲ್ಲ, ಆ ದಿನ ಏನು ಕಲಿತರೋ ನೀವೇ ಲೆಕ್ಕ ಹಾಕಿ. ಎರಡನೇ ಬಹುಮಾನ ಬಂತು. ಮೈಕು ಕೆಟ್ಟಿತ್ತು, ಹಾಗಾಗಿ ಭಾಷಣವಾಗಲಿಲ್ಲ.

ದೀಪಾವಳಿ ಕಳೆದು ಎರಡು ವಾರಕ್ಕೆ ಊರಿಗೆ ಹೋದೆ. ಬೆಳಿಗ್ಗೆ ಎದ್ದು ಅಭ್ಯಾಸದಂತೆ ಬದುವಿನ ಮೇಲೆ ಸೊಂಟಕ್ಕೆ ಕೈಯಿಟ್ಟು ನಿಂತೆ. ರಾಗಿಯ ನಡುವೆ ಅವರೆ ಸಾಲು ತುದಿಯಿಂದ ತುದಿಗೆ ಹೂ ಬಿಟ್ಟಿತ್ತು. ಇಬ್ಬನಿ ಇನ್ನೂ ಆರಿರಲಿಲ್ಲ.

"ಇದು ಯಾವಾಗ ಹೂ ಬಿಡ್ತು ನಾರಾಯಣಪ್ಪ?"

"ಈಗ ಒಂದ್ ವಾರ ಆಯ್ತು ಸಾಮಿ. ಚಳಿ ಬೀಳ್ದಲೆ ಸೊಗಡವರೆ ಹೂ ಬಿಡ್ತದಾ? ಜೂನ್‌ನಾಗೆ ಹಾಕಿದ್ರೂ ಅದೇ ಟೇಮಿಗೆ, ಆಗಸ್ಟಾಗೆ ಹಾಕಿದ್ರೂ ಅದೇ ಟೇಮಿಗೆ." ಆಮೇಲೆ ನನ್ನ ಮುಖ ನೋಡಿ ಸೇರಿಸಿದ: "ನಿಮಗೆ ನಾನು ಹೇಳ್ಕೊಡೋದೇನೈತೆ ಬಿಡಿ."

ಗೊತ್ತಿರದೆ ಮಾಡಿದ್ದರೆ ಒಂದು ಮಾತು. ನನಗೆ ಗೊತ್ತಿತ್ತು. ಚಡ್ಡಿ ತೊಯ್ದ ಆ ಮೊಣಕಾಲಿಗೆ ಗೊತ್ತಿತ್ತು, ಅಮ್ಮ ಒಂದು ಸಲವೂ ಮಳೆಗಾಲದಲ್ಲಿ ಕುಕ್ಕೆ ಕೊಟ್ಟು ಕಳಿಸಿದವಳಲ್ಲ. ಈಗ ಚಿಂತಾಮಣಿಯ ಸಂತೆಯಲ್ಲಿ ಬೇಸಿಗೆಯಲ್ಲೂ ಅವರೆಕಾಯಿ ಸಿಗುತ್ತದೆ, ಎಲ್ಲ ಕಾಲಕ್ಕೂ ಬಿಡುವ ಹೊಸ ತಳಿ. ಅದನ್ನೇ ತಿಂದು ತಿಂದು ಹಳೆಯದು ತಲೆಯಿಂದ ಹೋಗಿಬಿಟ್ಟಿತ್ತು. ಹುರಿಗಡಲೆಗೆ ಹದಿನೈದು ದಿನ ಕಾದವನು ಜೀವವಿರುವ ಬಳ್ಳಿಗೆ ಇನ್ನು ನಾಲ್ಕು ವಾರ ಕಾಯಲಿಲ್ಲ. ಆವತ್ತಿನಿಂದ ನಾನು ರೈತನ ಮಗ ಎಂದು ಹೇಳುವುದನ್ನು ಬಿಟ್ಟೆ.

ಸೋಮವಾರ ಹೋದವನೇ ಶಿರೀಷಳಿಗೆ ತಪ್ಪಾಯಿತಮ್ಮ ಎಂದು ಹೇಳಬೇಕೆಂದುಕೊಂಡಿದ್ದೆ. ಹತ್ತಿರ ಕರೆದೆ. ಬಂದು ನಿಂತಳು. ನನ್ನ ಬಾಯಿಂದ ಬಂದದ್ದು "ಭಿನ್ನರಾಶಿ ಲೆಕ್ಕ ಮುಗಿಸಿದ್ಯಾ?" ಎಂಬ ಮಾತು. ಮುಗಿಸಿದ್ದಳು.

ಅವಳೂ ಒಂದು ವಿಷಯ ಮುಚ್ಚಿಟ್ಟಿದ್ದಳು ಎಂದು ನನಗೆ ಗೊತ್ತಾದದ್ದು ಡಿಸೆಂಬರಿನಲ್ಲಿ. ಒಂದು ಬೆಳಿಗ್ಗೆ ಶಾಲೆಯ ಗೇಟಿನ ಬಳಿ ಒಬ್ಬ ಮುದುಕಿ ನಿಂತಿದ್ದಳು. ತಲೆಯ ಮೇಲೆ ಸೆರಗು, ಕಂಕುಳಲ್ಲಿ ಮಡಿಸಿದ ಒಂದು ಬಟ್ಟೆಯ ಚೀಲ. ಶಿರೀಷ ತರಗತಿಯಿಂದ ಓಡಿಬಂದಳು. ಅವಳ ಮುಖ ಬಿಳಿಚಿಕೊಂಡಿತ್ತು. ಗಿಡ ಕಿತ್ತ ವಿಷಯವನ್ನು ಅವಳು ಮನೆಯಲ್ಲಿ ಹೇಳಿರಲೇ ಇಲ್ಲ. ತೋಳಿಗೆ ಸುತ್ತಿಕೊಂಡ ಬಳ್ಳಿಯನ್ನು ದಾರಿಯಲ್ಲೇ ಎಲ್ಲೋ ಇಟ್ಟು ಹೋಗಿರಬೇಕು. ಅಜ್ಜಿ ದಿನಾ ಕೇಳುತ್ತಿದ್ದಳು, ಇವಳು ಹೂ ಬಂತು, ಎಳೆ ಈಚು ಬಂತು, ಕಾಯಿ ಬಂತು ಎಂದು ಹೇಳುತ್ತಾ ಹೋಗಿದ್ದಳು. ಈಗ ಅಜ್ಜಿ ಚೀಲ ಹಿಡಿದು ಬಂದಿದ್ದಳು.

"ಏಡ ಉಂದಿ ನಾಯ್ನಾ ಚೆಟ್ಟು?" ಎಂದು ನನ್ನನ್ನೇ ಕೇಳಿದಳು. ಗಿಡ ಎಲ್ಲಪ್ಪ?

ಶಿರೀಷ ನನ್ನ ಮುಖ ನೋಡಿದಳು. ನಾನು ಹಿಂದಿನ ಪಟ್ಟೆ ಜಾಗದ ಕಡೆ ನೋಡಿದೆ, ಅಲ್ಲಿ ಕವರಿನೊಳಗೆ ಬೇರು ಸಿಕ್ಕಿಕೊಂಡು ಒಣಗಿದ ಚೆಂಡುಹೂವಿನ ಕಡ್ಡಿಗಳಿದ್ದವು. ಕಾಂಪೌಂಡಿನ ಆಚೆ ಮಂಡಿಯ ಕೊಳೆತ ಟೊಮೆಟೊಗೆ ದನಗಳು ಸೇರಿದ್ದವು. ಐವತ್ತು ದಾಟಿದ ಮೇಷ್ಟ್ರು ನಾನು, ನನ್ನ ಬಾಯಿಂದ ಏನು ಬಂತು ಗೊತ್ತೇ?

"ದನ ನುಗ್ಗಿ ತಿಂದ್ಬಿಡ್ತಮ್ಮ."

ಹೇಳಿದ ಮರುಕ್ಷಣವೇ ಶಿರೀಷಳ ದನಿ ಕೇಳಿತು. "ಅವುನವ್ವಾ. ಆವು ತಿನೇಸಿಂದಿ. ನಿನ್ನ." ಹೌದವ್ವ, ದನ ನಿನ್ನೆ ತಿಂದುಬಿಟ್ಟಿತು ಎಂದು ದಿನವನ್ನೂ ಸೇರಿಸಿದಳು. ಅಷ್ಟು ದಿನ ಅವಳು ಹೇಳಿದ ಸುಳ್ಳು ಅದರಿಂದ ನಿಜವಾಗಿ ಉಳಿಯಿತು, ನನ್ನದೂ ಉಳಿಯಿತು. ಹನ್ನೊಂದು ವರ್ಷದ ಹುಡುಗಿ ತನ್ನ ಮೇಷ್ಟ್ರನ್ನು ಅಜ್ಜಿಯ ಮುಂದೆ ಬಿಟ್ಟುಕೊಡಲಿಲ್ಲ.

ಮುದುಕಿ ಹಿಂದಿನ ಪಟ್ಟೆ ಜಾಗದ ಕಡೆಗೆ ತಿರುಗಿದಳು. ಒಂದು ಬೀಜವಾದರೂ ಕೆಳಗೆ ಬಿದ್ದಿಲ್ಲವೇ ಎಂದು ಕೇಳಿದಳು. ತಾನೇ ಹೋಗಿ ಬಗ್ಗಿ ಮಣ್ಣನ್ನು ಬೆರಳಿನಿಂದ ಕೆದಕಿ ನೋಡಿದಳು, ಒಂದು ಸೀಮೆಸುಣ್ಣದ ಚೂರು ಸಿಕ್ಕಿತು. ಎದ್ದು ಕೈ ಒರೆಸಿಕೊಂಡು, "ಪೋನೀಲೆ. ನೋರು ಲೇನಿದಿ" ಎಂದಳು. ಹೋಗಲಿ ಬಿಡು, ಬಾಯಿಲ್ಲದ ಜೀವ. ಚೀಲವನ್ನು ಇನ್ನೊಂದು ಮಡಿಕೆ ಮಡಿಸಿ ಕಂಕುಳಿಗೆ ಸೇರಿಸಿಕೊಂಡು ಗೇಟು ದಾಟಿದಳು. ಆ ಹೊತ್ತಿಗೆ ಬಾಯಿಲ್ಲದೆ ನಿಂತಿದ್ದವನು ನಾನು.

ಸಂಕ್ರಾಂತಿ ಕಳೆದ ಮೇಲೆ ನಾರಾಯಣಪ್ಪನ ಹತ್ತಿರ ಒಂದು ಸೇರು ಬಿತ್ತನೆ ಅವರೆ ತಂದು ಶಿರೀಷಳ ಕೈಗೆ ಕೊಟ್ಟೆ. ಮರುದಿನ ಅಷ್ಟನ್ನೂ ಹಿಂದಕ್ಕೆ ತಂದಳು. "ಇದಿ ವೇರೇದಂಟ ಸಾ" ಎಂದಳು. ಇದು ಬೇರೆಯದಂತೆ. ಅದರಲ್ಲಿ ಕೆಂಪು ಮಚ್ಚೆ ಇರಲಿಲ್ಲ. ಆಮೇಲೆ ಎಷ್ಟೋ ಚಳಿಗಾಲ ಸಂತೆಯಲ್ಲಿ ಹಳ್ಳಿಯ ಹೆಂಗಸರ ಗುಡ್ಡೆಗಳ ಮುಂದೆ ಕುಕ್ಕರಗಾಲಲ್ಲಿ ಕೂತು ಕಾಯಿ ಸುಲಿದು ನೋಡಿದ್ದೇನೆ. ಬೈಸಿಕೊಂಡಿದ್ದೇನೆ. ಆ ಮಚ್ಚೆಯ ಬೀಜ ನನಗೆ ಸಿಗಲಿಲ್ಲ.

ಶಿರೀಷ ಏಳು ಮುಗಿಸಿ ಹೈಸ್ಕೂಲಿಗೆ ಹೋದಳು. ತೋಟವನ್ನು ನಾನು ಆಮೇಲೂ ನಡೆಸಿದೆ, ಕವರು ತೆಗೆದೇ ನೆಟ್ಟೆ, ಅವರೆ ಮಾತ್ರ ಹಾಕಿಸಲಿಲ್ಲ. ನಾನು ನಿವೃತ್ತನಾಗುವ ವರ್ಷ ಆ ಜಾಗದಲ್ಲಿ ಕಂಪ್ಯೂಟರ್ ಕೋಣೆ ಎದ್ದಿತು. ಪಾಯ ತೋಡುವಾಗ ಮೂಲೆಯಲ್ಲಿ ಎಂದೋ ಕಳೆದುಹೋಗಿದ್ದ ಸೌಟು ಸಿಕ್ಕಿತು. ಮುನಿರತ್ನಮ್ಮನಿಗೆ ತೋರಿಸಿ "ಇಟ್ಕೊಳ್ಲಾ?" ಎಂದೆ. "ಇನ್ನೇನ್ ಸಾರು ಬಡಿಸಕ್ಕಾಗ್ತದಾ ಅದ್ರಲ್ಲಿ, ತಗೊಂಡ್ ಹೋಗಿ ಸಾ" ಎಂದರು.

ಹೋದ ಫೆಬ್ರವರಿಯಲ್ಲಿ ಬಾಗೇಪಲ್ಲಿಗೆ ಒಂದು ಗೃಹಪ್ರವೇಶಕ್ಕೆ ಹೋಗಿದ್ದೆ. ಬರುವಾಗ ಪೆರೇಸಂದ್ರದ ಹತ್ತಿರ ಹೈವೇ ಪಕ್ಕದ ನರ್ಸರಿಯೊಂದರಲ್ಲಿ, ಮಹಡಿಯ ಮೇಲಿನ ಡ್ರಮ್ಮಿಗೆ ನಾಲ್ಕು ಮೆಣಸಿನ ಸಸಿ ಕೊಳ್ಳೋಣವೆಂದು ನಿಂತೆ. ಬಿಲ್ಲು ಹಾಕುತ್ತಿದ್ದ ಹುಡುಗಿಯ ಹಿಂದೆ ಬೀಜದ ಪೊಟ್ಟಣಗಳು ನೇತುಬಿದ್ದಿದ್ದವು. ಚಟ ಬಿಡಲಿಲ್ಲ, ಕೇಳಿಯೇಬಿಟ್ಟೆ.

"ಸೊಗಡವರೆ ಬೀಜ ಇದ್ಯೇನಮ್ಮ? ಹಳೇದು, ಚಳೀಲಿ ಬಿಡೋದು?"

"ಅದನ್ನ ಈಗ ಯಾರೂ ಕೇಳಲ್ಲ ಸರ್" ಎಂದಳು ತಲೆಯೆತ್ತದೆ. "ಇದು ತಗೊಳ್ಳಿ. ಯಾವಾಗ ಹಾಕಿದ್ರೂ ಒಂದೂವರೆ ತಿಂಗ್ಳಿಗೆ ಹೂ ಬರುತ್ತೆ. ಕಾಯ್ಕೊಂಡು ಕೂರೋ ಹಂಗಿಲ್ಲ."

ಪೊಟ್ಟಣ ಕೊಡಲು ತಲೆಯೆತ್ತಿದವಳು ಹಾಗೇ ನಿಂತಳು. "ಸಾ! ಚಿಂತಾಮಣಿ ಇಸ್ಕೂಲು! ನಾನು ಸಾ, ಶಿರೀಷ." ಕುರ್ಚಿ ಎಳೆದು ಹಾಕಿದಳು, ಟೀ ತರಿಸಿದಳು. ಬಿ.ಕಾಂ. ಮುಗಿಸಿದ್ದಾಳೆ, ನರ್ಸರಿಯ ಲೆಕ್ಕಪತ್ರವೆಲ್ಲ ಅವಳದೇ. ಅಪ್ಪ ಚೆನ್ನಾಗಿದ್ದಾನೆ. ಎಲ್ಲ ಹೇಳಿ ಮುಗಿದ ಮೇಲೆ ಲೋಟವನ್ನು ನನ್ನ ಕೈಗೆ ಕೊಡುತ್ತಾ ಕೇಳಿದಳು.

"ಇಸ್ಕೂಲ್ ತೋಟ ಹೆಂಗಿದೆ ಸಾ? ಈಗ್ಲೂ ದನ ನುಗ್ತಾವಾ?"

"ದನ ರಿಟೈರಾಯ್ತಮ್ಮ" ಎಂದೆ.

ಅಂಗೈಯಿಂದ ಬಾಯಿ ಮುಚ್ಚಿಕೊಂಡು ನಕ್ಕಳು, ಅದೇ ನಗು. ನನಗೆ ಧೈರ್ಯ ಬಂತು.

"ಅವ್ವ ಹೆಂಗಿದ್ದಾರೆ?"

"ಹೋಗ್ಬಿಟ್ಲು ಸಾ. ನಾನು ಪಿಯುಸಿಲಿದ್ದಾಗ."

"ಅವರಿಗೆ ನಿಜ ಹೇಳಿದ್ಯಾ?"

ಅವಳು ನೆಟ್ಟಗೆ ನೇತುಬಿದ್ದಿದ್ದ ಪೊಟ್ಟಣಗಳನ್ನೇ ಮತ್ತೆ ನೆಟ್ಟಗೆ ಮಾಡಿದಳು.

"ಇಲ್ಲ ಸಾ. ಅನಪಕಾಯಿ ಸೀಜನ್ ಬಂದಾಗೆಲ್ಲ ಆ ದನದ ಮಾತೇ ಆಡೋಳು. ಯಾರ ಮನೇದೋ ಪಾಪ, ನಮ್ಮ ಗಿಡದಲ್ಲಿ ಒಂದ್ ದಿನ ಹೊಟ್ಟೆ ತುಂಬಾ ತಿಂತಲ್ಲ, ಅಷ್ಟು ಸಾಕು ಅನ್ನೋಳು. ಅದನ್ನೂ ಯಾಕೆ ಕಿತ್ಕೊಳ್ಳೋದು ಅಂತ ಸುಮ್ನಾದೆ."

ಆಗಲಾದರೂ ಹೇಳಬೇಕಿತ್ತು. ಅಷ್ಟು ವರ್ಷ ಬಾಯಲ್ಲಿಟ್ಟುಕೊಂಡಿದ್ದ ತಪ್ಪಾಯಿತಮ್ಮ ಎಂಬ ಆ ಒಂದು ಮಾತನ್ನು ಹೊರಗೆ ತರುವಷ್ಟರಲ್ಲಿ ಟೆಂಪೋದಿಂದ ಯಾರೋ ಇಳಿದು ಟೊಮೆಟೊ ಸಸಿಯ ಟ್ರೇ ಕೇಳಿದರು. ಅವಳು "ಒಂದ್ನಿಮಿಷ ಸಾ" ಎಂದು ಎದ್ದು ಹೋದಳು. ಟೆಂಪೋ ತುಂಬುವುದಕ್ಕೆ ಹೊತ್ತು ಹಿಡಿಯಿತು. ನಾನು ಲೋಟದ ಪಕ್ಕ ದುಡ್ಡಿಟ್ಟು, ಅವರೆ ಪೊಟ್ಟಣವನ್ನು ಜೇಬಿಗೆ ಹಾಕಿಕೊಂಡು, ದೂರದಿಂದಲೇ ಕೈಯೆತ್ತಿ ಬಂದುಬಿಟ್ಟೆ.

ಮನೆಗೆ ಬಂದು ಸೌಟನ್ನು ಮೊಳೆಯಿಂದ ತೆಗೆದು ಡ್ರಮ್ಮಿನ ಮಣ್ಣು ಬಿಡಿಸಿ ಆ ಪೊಟ್ಟಣದ ಬೀಜ ಹಾಕಿದೆ. ಅವಳು ಹೇಳಿದ್ದು ಸುಳ್ಳಾಗಲಿಲ್ಲ. ಉರಿಬಿಸಿಲಿನ ಏಪ್ರಿಲಿನಲ್ಲಿ ಹೂ ಬಿಟ್ಟಿತು, ಮೇ ತಿಂಗಳಿಗೆ ಕಾಯಿ. ಮೂಸಿ ನೋಡಿದೆ, ಸೊ‌ಗಡಿರಲಿಲ್ಲ. ನನ್ನ ಹೆಂಡತಿಗೆ ಮಾತ್ರ ಹಿಗ್ಗೋ ಹಿಗ್ಗು. ಕಾಳು ಸುಲಿದು, ಸಾರು ಮಾಡಿ, ಬಿಸಿ ಮುದ್ದೆ ತೊಳಸಿ ನನ್ನ ಮುಂದೆ ಕೂತಳು.

"ಅಂತೂ ರೈತ ಆದ್ರಿ. ಹಾಕ್ಲಾ ಇನ್ನೊಂದ್ ಸೌಟು?"

"ಬೇಡ" ಎಂದೆ. "ಹೊಟ್ಟೆ ತುಂಬ್ತು."